ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಕಾಯಿರಿ, ಟೀಚರ್

ಕೊಟ್ಟೂರು ಕಡೆಯ ಹಳ್ಳಿಯೊಂದರಿಂದ ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಶಿಕ್ಷಕರ ತರಬೇತಿ ಮುಗಿಸಿ ಎರಡು ವರ್ಷ ಮನೆಯಲ್ಲೇ ಇದ್ದು, ಈ ವರ್ಷ ಊರಿನ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಸೇರಿದವರು. ಅವರ ಪತ್ರದ ಸಾರ ಹೀಗಿದೆ:

"ಅಸ್ಸಲಾಮು ಅಲೈಕುಮ್ ಆಪಾ. ಒಂದು, ಎರಡು ಮತ್ತು ಮೂರನೆಯ ತರಗತಿಯ 31 ಮಕ್ಕಳು ಒಂದೇ ಕೋಣೆಯಲ್ಲಿದ್ದಾರೆ. ನಾನು ಏನು ಕೇಳಿದರೂ ಅದೇ ನಾಲ್ಕೈದು ಮಕ್ಕಳು ಉತ್ತರ ಹೇಳುತ್ತಾರೆ. ಉಳಿದವರು ಸುಮ್ಮನೆ ನನ್ನ ಮುಖ ನೋಡುತ್ತಾರೆ, ಇಲ್ಲವೇ ಜಗಳವಾಡುತ್ತಾರೆ. ಸಂಜೆಯಾಗುವಷ್ಟರಲ್ಲಿ ನನ್ನ ಗಂಟಲು ಕಟ್ಟಿ ಹೋಗಿರುತ್ತದೆ. ನಮ್ಮ ಓಣಿಯ ಹುಡುಗಿಯೊಬ್ಬಳು ಮೂರನೆಯ ತರಗತಿಯಲ್ಲಿದ್ದಾಳೆ. ಜೂನ್‌ನಿಂದ ಈವರೆಗೆ ತರಗತಿಯಲ್ಲಿ ಒಂದು ಮಾತೂ ಆಡಿಲ್ಲ. ಇವಳ ತಲೆಗೆ ಓದು ಹತ್ತುವುದಿಲ್ಲ, ಮುಂದಿನ ವರ್ಷ ಬಿಡಿಸಿಬಿಡುತ್ತೇನೆ ಎಂದು ಅವಳ ಅಮ್ಮ ನನ್ನ ಬಳಿ ಹೇಳಿದರು. ನಾನು ಏನು ಮಾಡಲಿ?"

ಈ ಪತ್ರವನ್ನು ನಾನು ಎರಡು ಸಲ ಓದಿದೆ. ಆ ಹುಡುಗಿಯ ವಿಷಯ ಓದುವಾಗ ನನಗೆ ನನ್ನದೇ ಒಂದು ತಪ್ಪು ನೆನಪಾಯಿತು. ಮೊದಲು ಅದನ್ನು ಹೇಳಿ, ಆಮೇಲೆ ಸಹೋದರಿಯ ಪ್ರಶ್ನೆಗೆ ಬರುತ್ತೇನೆ.

ನಾನು ಕಲಿಸದೆ ಬಿಟ್ಟ ಹುಡುಗಿ

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ನಾಲ್ಕನೆಯ ತರಗತಿಯಲ್ಲಿ ಕಿಟಕಿಯ ಪಕ್ಕ ಒಬ್ಬ ಹುಡುಗಿ ಕೂರುತ್ತಿದ್ದಳು. ತಪ್ಪದೆ ಶಾಲೆಗೆ ಬರುತ್ತಿದ್ದಳು, ಅಕ್ಷರ ದುಂಡಗೆ ಬರೆಯುತ್ತಿದ್ದಳು, ಆದರೆ ಪ್ರಶ್ನೆ ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ನಾನು ಒಂದು ಗಳಿಗೆ ನೋಡಿ, "ಕೂತ್ಕೋ" ಎಂದು ಹೇಳಿ ಮುಂದಿನವಳ ಕಡೆ ಹೋಗುತ್ತಿದ್ದೆ. ವರ್ಷದ ಕೊನೆಗೆ ಅವಳ ಹೆಸರಿನ ಮುಂದೆ 'ಮಂದ' ಎಂದು ಬರೆದೆ. ಐದನೆಯ ತರಗತಿಯ ಮಧ್ಯದಲ್ಲಿ ಅವಳು ಶಾಲೆ ಬಿಟ್ಟಳು. ಯಾಕೆ ಬಿಟ್ಟಳೆಂದು ವಿಚಾರಿಸಲು ನಾನು ಅವಳ ಮನೆಗೂ ಹೋಗಲಿಲ್ಲ.

ಎಷ್ಟೋ ವರ್ಷಗಳ ನಂತರ ಹಡಗಲಿ ಬಸ್ ನಿಲ್ದಾಣದಲ್ಲಿ ಮಲ್ಲಿಗೆ ಮಾರುವ ಹೆಂಗಸೊಬ್ಬಳು "ಸಲಾಮ್ ಟೀಚರ್" ಎಂದಳು. ಅವಳೇ. ನಾನು ಮೂರೂವರೆ ಮೊಳ ಹೂವು ಕೇಳಿದೆ. ಮೊಳಕ್ಕೆ 20 ರೂಪಾಯಿ. ನಾನು 500ರ ನೋಟು ಕೊಟ್ಟು ಮನಸ್ಸಿನಲ್ಲೇ ಲೆಕ್ಕ ಹಾಕುವಷ್ಟರಲ್ಲಿ ಅವಳು 430 ರೂಪಾಯಿ ಎಣಿಸಿ ನನ್ನ ಕೈಗೆ ಇಟ್ಟಿದ್ದಳು. ನನಗೆ ನಾಚಿಕೆಯಾಯಿತು. "ಇಷ್ಟು ಚುರುಕಾಗಿದ್ದವಳು ತರಗತಿಯಲ್ಲಿ ಯಾಕಮ್ಮ ಬಾಯಿ ಬಿಡುತ್ತಿರಲಿಲ್ಲ?" ಎಂದು ಕೇಳಿದೆ. ಅವಳು ನಗುತ್ತಾ ದಖ್ಖನಿಯಲ್ಲೇ ಹೇಳಿದಳು: ಉತ್ತರ ಗೊತ್ತಿರುತ್ತಿತ್ತು ಟೀಚರ್. ನೀವು ಕೇಳಿದ್ದು ನನ್ನ ತಲೆಯಲ್ಲಿ ನಮ್ಮ ಮಾತಾಗಿ, ನನ್ನ ಉತ್ತರ ಮತ್ತೆ ಕನ್ನಡವಾಗುವುದರೊಳಗೆ ನೀವು ಮುಂದಿನ ಹುಡುಗಿಯ ಹತ್ತಿರ ಹೋಗಿಬಿಡುತ್ತಿದ್ದಿರಿ.

ಅವಳ ಮನೆಯ ಮಾತೇ ನನ್ನ ಮನೆಯ ಮಾತೂ ಆಗಿತ್ತು. ಆದರೆ ತರಗತಿಯಲ್ಲಿ ದಖ್ಖನಿ ಆಡಿದರೆ ಮರ್ಯಾದೆ ಕಡಿಮೆ ಎಂದು ಆಗ ತಿಳಿದಿದ್ದೆ. ಅವಳು ಕೇಳಿದ್ದು ಸ್ವಲ್ಪ ಸಮಯ ಮಾತ್ರ. ಅದನ್ನೂ ನಾನು ಕೊಟ್ಟಿರಲಿಲ್ಲ.

ಆದ್ದರಿಂದ ಪತ್ರ ಬರೆದ ಸಹೋದರಿಗೆ ನನ್ನ ಮೊದಲ ಮಾತು ಇದು: ಮೌನವಾಗಿರುವ ಮಗು ದಡ್ಡ ಮಗು ಎಂದು ತೀರ್ಮಾನಿಸಬೇಡಿ. ಅದಕ್ಕೆ ಸಮಯ ಸಿಕ್ಕಿದೆಯೇ, ಮಾತು ಸಿಕ್ಕಿದೆಯೇ ಎಂದು ಮೊದಲು ನೋಡಿ. ಈ ಎರಡನ್ನೂ ತರಗತಿಯಲ್ಲಿ ಕೊಡುವುದು ಹೇಗೆ ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ಮೂರು ಸೆಕೆಂಡಿನ ಕೆಲಸ

ಅಮೆರಿಕದಲ್ಲಿ ಮೇರಿ ಬಡ್ ರೋ ಎಂಬ ಶಿಕ್ಷಣ ತಜ್ಞೆ ಇದ್ದರು. 1970ರ ದಶಕದಲ್ಲಿ ಅವರು ತರಗತಿಗಳಲ್ಲಿ ನಡೆಯುವ ಮಾತುಕತೆಯನ್ನು ಧ್ವನಿಮುದ್ರಣ ಮಾಡಿ ಅಧ್ಯಯನ ನಡೆಸಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಸಾಮಾನ್ಯವಾಗಿ ಕಾಯುವುದು ಸುಮಾರು ಒಂದು ಸೆಕೆಂಡು ಮಾತ್ರ ಎಂದು ಅವರಿಗೆ ತಿಳಿದು ಬಂತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, 'ಗೊತ್ತಿಲ್ಲ' ಎನ್ನುವುದು ಕಡಿಮೆಯಾಯಿತು, ಹಿಂದುಳಿದವರೆಂದು ಶಿಕ್ಷಕರು ಭಾವಿಸಿದ್ದ ಮಕ್ಕಳೂ ಮಾತನಾಡತೊಡಗಿದರು. ಮನೆಯಲ್ಲಿ ಬೇರೆ ಭಾಷೆ ಆಡುವ ನಮ್ಮ ಮಕ್ಕಳಿಗೆ ಮೂರಲ್ಲ, ಐದು ಸೆಕೆಂಡಾದರೂ ಬೇಕು.

ಹೇಳುವುದು ಸುಲಭ, ಕಾಯುವುದು ಕಷ್ಟ. ಚುರುಕಾದ ನಾಲ್ವರು "ಟೀಚರ್, ಟೀಚರ್" ಎಂದು ಕೈಯೆತ್ತಿ ಕುಣಿಯುತ್ತಿರುತ್ತಾರೆ. ಅದಕ್ಕೆ ಕೆಲವು ಉಪಾಯಗಳಿವೆ.

ಪ್ರಶ್ನೆಯನ್ನು ಇಡೀ ತರಗತಿಗೆ ಕೇಳಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಆಮೇಲೆ ಒಬ್ಬರ ಹೆಸರು ಹೇಳಿ. ಹೆಸರನ್ನು ಮೊದಲೇ ಹೇಳಿದರೆ ಉಳಿದ 30 ಮಕ್ಕಳು ಯೋಚಿಸುವುದನ್ನು ನಿಲ್ಲಿಸಿಬಿಡುತ್ತಾರೆ. ಕೈ ಎತ್ತುವ ಪದ್ಧತಿಯನ್ನು ದಿನದಲ್ಲಿ ಒಂದು ಅವಧಿಗಾದರೂ ನಿಲ್ಲಿಸಿ. ಎಲ್ಲ ಮಕ್ಕಳ ಹೆಸರುಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಯಲ್ಲಿ ಹಾಕಿಡಿ. ಚೀಟಿ ಎತ್ತಿ ಹೆಸರು ಓದಿದರೆ ಯಾರಿಗೂ ಬೇಸರವಿರುವುದಿಲ್ಲ, ಎಲ್ಲರೂ ಸಿದ್ಧರಾಗಿರುತ್ತಾರೆ.

ಎರಡನೆಯದು, ಉತ್ತರವನ್ನು ಮೊದಲು ಪಕ್ಕದ ಗೆಳತಿಗೆ ಹೇಳಲಿ. "ಪಕ್ಕದವರಿಗೆ ಮೆಲ್ಲಗೆ ಹೇಳಿ" ಎಂದರೆ ಒಂದು ನಿಮಿಷದಲ್ಲಿ 31 ಮಕ್ಕಳೂ ಒಂದಲ್ಲ ಒಂದು ಮಾತು ಆಡಿರುತ್ತಾರೆ. ಇಡೀ ತರಗತಿಯ ಎದುರು ನಿಂತು ಮಾತನಾಡಲು ಹೆದರುವ ಮಗು ಗೆಳತಿಯ ಕಿವಿಯಲ್ಲಿ ಹೇಳಲು ಹೆದರುವುದಿಲ್ಲ.

ಮೂರನೆಯದು ಸ್ಲೇಟು. ಲೆಕ್ಕ ಕೇಳಿ, ಎಲ್ಲರೂ ಸ್ಲೇಟಿನಲ್ಲಿ ಉತ್ತರ ಬರೆದು ಎದೆಗೆ ಒತ್ತಿ ಹಿಡಿದುಕೊಳ್ಳಲಿ. "ತೋರಿಸಿ" ಎಂದಾಗ ಒಟ್ಟಿಗೆ ಎತ್ತಲಿ. ಯಾರಿಗೆ ಬಂದಿದೆ, ಯಾರಿಗೆ ಬಂದಿಲ್ಲ ಎಂದು ಒಂದೇ ನೋಟಕ್ಕೆ ನಿಮಗೆ ತಿಳಿಯುತ್ತದೆ. ಮಗುವಿಗೆ ಬಾಯಿ ಬಿಡುವ ಸಂಕಟವಿಲ್ಲ, ತಪ್ಪಾದರೆ ಒರೆಸಿದರಾಯಿತು.

ಮನೆಯ ಮಾತನ್ನು ಚಪ್ಪಲಿಯಂತೆ ಹೊರಗೆ ಬಿಡಿಸಬೇಡಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಜಿಲ್ಲೆಯ ಹೆಸರು ಬದಲಾದರೂ ತರಗತಿಯ ಚಿತ್ರ ಹಿಂದಿನದೇ. ಮುಸ್ಲಿಮ್ ಓಣಿಯ ಮಗುವಿಗೆ ಮನೆಯಲ್ಲಿ ದಖ್ಖನಿ. ತಾಂಡಾದ ಮಗುವಿಗೆ ಲಂಬಾಣಿ. ಕೆಲವು ಮನೆಗಳಲ್ಲಿ ತೆಲುಗು. ಕನ್ನಡದ ಮನೆಯ ಮಗುವಿಗೂ 'ಐತಿ' ಎಂಬುದು ಗೊತ್ತೇ ಹೊರತು ಪುಸ್ತಕದ 'ಇದೆ' ಹೊಸದು. ಶಿಕ್ಷಣ ಹಕ್ಕು ಕಾಯ್ದೆಯೂ ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಕಲಿಸಬೇಕು ಎನ್ನುತ್ತದೆ. ಕನ್ನಡ ಶಾಲೆಯಲ್ಲಿ ಇದನ್ನು ಪೂರ್ತಿ ಪಾಲಿಸಲಾಗದಿದ್ದರೂ ಸ್ವಲ್ಪ ಪಾಲಿಸಬಹುದು.

ಮಗು ಮನೆಯ ಮಾತಿನಲ್ಲಿ ಉತ್ತರಿಸಿದರೆ ತಡೆಯಬೇಡಿ. "ಗಿಡಕ್ಕೆ ಏನು ಬೇಕು?" ಎಂದಾಗ "ಪಾನಿ" ಎಂದರೆ, "ಹೌದು, ಸರಿ. ನೀರು. ಗಿಡಕ್ಕೆ ನೀರು ಬೇಕು" ಎಂದು ನೀವೇ ಕನ್ನಡದಲ್ಲಿ ಹೇಳಿ, ಅವಳಿಂದಲೂ ಒಮ್ಮೆ ಹೇಳಿಸಿ. ಉತ್ತರಕ್ಕೆ ಮೆಚ್ಚುಗೆ ಮೊದಲು, ಕನ್ನಡ ಆಮೇಲೆ. ಗೋಡೆಗೆ ಒಂದು ದೊಡ್ಡ ಕಾಗದ ಅಂಟಿಸಿ ಮೂರು ಸಾಲು ಮಾಡಿ. ಕನ್ನಡದಲ್ಲಿ ನೀರು, ದಖ್ಖನಿಯಲ್ಲಿ ಪಾನಿ, ಲಂಬಾಣಿಯಲ್ಲಿ ಪಾಣಿ. ತಾಯಿ, ಅಮ್ಮಾ, ಯಾಡಿ. ರೊಟ್ಟಿ, ರೋಟಿ, ಬಾಟಿ. ಎಲ್ಲವೂ ಕನ್ನಡ ಲಿಪಿಯಲ್ಲೇ ಇರಲಿ. ದಿನಕ್ಕೆ ಮೂರು ಪದ ಸಾಕು. ಪದಗಳನ್ನು ಮಕ್ಕಳೇ ಮನೆಯಿಂದ ಕೇಳಿಕೊಂಡು ಬರಲಿ. ನಿಮಗೆ ಲಂಬಾಣಿ ಬಾರದಿದ್ದರೆ ತಾಂಡಾದ ದೊಡ್ಡ ಮಕ್ಕಳನ್ನು ಕೇಳಿ. ಟೀಚರಿಗೂ ತಮ್ಮಿಂದ ಕಲಿಯುವುದಿದೆ ಎಂದು ತಿಳಿದರೆ ಆ ಮಕ್ಕಳ ಮುಖ ಅರಳುತ್ತದೆ.

ದಖ್ಖನಿ ಆಡುವ ಮಕ್ಕಳ ಕೆಲವು ತಪ್ಪುಗಳಿಗೆ ಕಾರಣ ತಿಳಿದಿರಬೇಕು. ಉರ್ದುವಿನಲ್ಲಿ 'ಳ' ಎಂಬ ಧ್ವನಿಯೇ ಇಲ್ಲ. ಆದ್ದರಿಂದ ಮಗು 'ಹರಪನಹಲ್ಲಿ' ಎನ್ನುತ್ತದೆ, ತರಗತಿಯೆಲ್ಲ ಹಲ್ಲಿ ಹಲ್ಲಿ ಎಂದು ನಗುತ್ತದೆ, ಮಗು ಮುಂದೆ ಬಾಯಿ ತೆರೆಯುವುದಿಲ್ಲ. ಇಂಥ ಮಗುವಿಗೆ ಮೊದಲು ತಿದ್ದಬೇಕಾದದ್ದು ಕಿವಿಯನ್ನು, ನಾಲಿಗೆಯನ್ನಲ್ಲ. ಹಲ್ಲಿಯ ಚಿತ್ರ ಒಂದು, ಹಳ್ಳಿಯ ಚಿತ್ರ ಒಂದು ಬರೆದಿಡಿ. ನೀವು ಒಂದು ಪದ ಹೇಳಿ, ಮಕ್ಕಳು ಸರಿಯಾದ ಚಿತ್ರ ಮುಟ್ಟಲಿ. ಹುಲಿ-ಹುಳಿ, ಬೆಲೆ-ಬೆಳೆ, ಹೀಗೆ ಜೋಡಿಗಳನ್ನು ಮಾಡಿಕೊಳ್ಳಿ. ಕಿವಿಗೆ ವ್ಯತ್ಯಾಸ ತಿಳಿದ ಮೇಲೆ ನಾಲಿಗೆ ತಾನಾಗಿ ಹಿಂಬಾಲಿಸುತ್ತದೆ.

ಇನ್ನೊಂದು, 'ಬಸ್ಸು ಬಂದಳು' ಎನ್ನುವುದು. ಉರ್ದುವಿನಲ್ಲಿ ವಸ್ತುಗಳಿಗೂ ಸ್ತ್ರೀಲಿಂಗ, ಪುಲ್ಲಿಂಗ ಉಂಟು. ಗಾಡಿ ಸ್ತ್ರೀಲಿಂಗವಾದರೆ ಘರ್ ಪುಲ್ಲಿಂಗ. ಕನ್ನಡದಲ್ಲಿ ಇವೆರಡೂ ನಪುಂಸಕಲಿಂಗ. ಮಗು ತಾನು ಕಲಿತ ವ್ಯಾಕರಣವನ್ನೇ ನಿಷ್ಠೆಯಿಂದ ಪಾಲಿಸುತ್ತಿದೆ. ಬೈಯುವ ಬದಲು "ಬಸ್ಸು ಬಂತು, ಅಕ್ಕ ಬಂದಳು, ಅಣ್ಣ ಬಂದ" ಎಂದು ಆಟದಂತೆ ಹೇಳಿಸಿ.

ಬೆಳಿಗ್ಗೆ ಮದ್ರಸಾದಲ್ಲಿ ಬಲದಿಂದ ಎಡಕ್ಕೆ ಓದಿದ ಆರು ವರ್ಷದ ಮಗು, ಹತ್ತು ಗಂಟೆಗೆ ಶಾಲೆಯಲ್ಲಿ ಎಡದಿಂದ ಬಲಕ್ಕೆ ಬರೆಯಬೇಕು. ಕೆಲವು ಮಕ್ಕಳು ಪುಸ್ತಕವನ್ನು ಹಿಂದಿನಿಂದ ತೆರೆಯುವುದನ್ನು ನೀವೂ ನೋಡಿರಬಹುದು. ಅಂಥವರ ಪುಟದ ಎಡ ಅಂಚಿನಲ್ಲಿ ಪ್ರತಿ ಸಾಲಿಗೂ ಒಂದು ಚಿಕ್ಕ ನಕ್ಷತ್ರ ಹಾಕಿಕೊಡಿ. "ನಕ್ಷತ್ರದಿಂದ ಹೊರಡು" ಎಂದರೆ ಸಾಕು. ಕೆಲವು ವಾರಗಳಲ್ಲಿ ನಕ್ಷತ್ರ ಬೇಡವಾಗುತ್ತದೆ.

ಒಂದೇ ಕೋಣೆಯಲ್ಲಿ ಮೂರು ತರಗತಿ

ಮೂರು ತರಗತಿಗಳು ಒಟ್ಟಿಗೆ ಇರುವುದನ್ನು ಶಿಕ್ಷೆ ಎಂದು ತಿಳಿಯಬೇಡಿ. ನಮ್ಮ ರಾಜ್ಯದ 'ನಲಿ-ಕಲಿ' ಪದ್ಧತಿ ಹುಟ್ಟಿದ್ದೇ ಇಂಥ ಕೋಣೆಗಳಿಗಾಗಿ. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಇದನ್ನು ಆರಂಭಿಸಿದರು. 2009-10ರಿಂದ ಇದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಬಂತು. ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆಯುವುದು, ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುವುದು, ನಾಲ್ಕು ದಿನ ಬಾರದಿದ್ದರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುವುದು ಇದರ ತಿರುಳು.

ದಿನದ ಮೊದಲ ಹತ್ತು ನಿಮಿಷ ಎಲ್ಲರೂ ವೃತ್ತದಲ್ಲಿ ಕೂರಲಿ. ಒಂದು ಕಥೆ, ಒಂದು ಹಾಡು ಅಥವಾ "ನಿನ್ನೆ ಸಂಜೆ ಮನೆಯಲ್ಲಿ ಏನಾಯಿತು?" ಎಂಬ ಮಾತುಕತೆ ನಡೆಯಲಿ. ಆಮೇಲೆ ಮೂರು ಗುಂಪು ಮಾಡಿ. ಒಂದು ಗುಂಪು ನಿಮ್ಮೊಂದಿಗೆ ಹೊಸ ಪಾಠ ಕಲಿಯಲಿ. ಎರಡನೆಯದು ಕಲಿತದ್ದನ್ನು ಗೋಡೆಯ ಕೆಳಹಲಗೆಯ ಮೇಲೆ ಬರೆಯಲಿ. ಮೂರನೆಯದು ಜೋಡಿಯಾಗಿ ಓದಲಿ ಇಲ್ಲವೇ ಆಟವಾಡಲಿ. 20 ನಿಮಿಷಕ್ಕೊಮ್ಮೆ ಗುಂಪು ಬದಲಾಗಲಿ. ಹೀಗೆ ಮಾಡಿದರೆ ಒಂದು ಗಂಟೆಯಲ್ಲಿ ಪ್ರತಿ ಮಗುವೂ ನಿಮ್ಮ ಪಕ್ಕದಲ್ಲಿ 20 ನಿಮಿಷ ಕುಳಿತಿರುತ್ತದೆ. 31 ಮಕ್ಕಳ ಎದುರು ಗಂಟೆಗಟ್ಟಲೆ ಕೂಗುವುದಕ್ಕಿಂತ ಹತ್ತು ಮಕ್ಕಳೊಂದಿಗೆ 20 ನಿಮಿಷ ಮಾತನಾಡುವುದು ಎಷ್ಟೋ ಮೇಲು. ಗಂಟಲಿಗೂ ಕ್ಷೇಮ.

ಗುಂಪಿನ ಮುಖಂಡತ್ವ ಯಾವಾಗಲೂ ಚುರುಕಾದವರಿಗೇ ಹೋಗದಿರಲಿ. ವಾರಕ್ಕೊಮ್ಮೆ ಸ್ಲೇಟು ಹಂಚುವ, ಹಾಜರಿ ಎಣಿಸುವ ಕೆಲಸ ಮೌನವಾಗಿರುವ ಮಗುವಿಗೂ ಸಿಗಲಿ. ಹೆಣ್ಣು ಮಕ್ಕಳಿಗೆ ಕಸ ಗುಡಿಸುವ ಕೆಲಸ, ಗಂಡು ಮಕ್ಕಳಿಗೆ ಗಂಟೆ ಬಾರಿಸುವ ಕೆಲಸ ಎಂಬ ವಿಂಗಡಣೆ ಬೇಡ.

ಓದು ಎಲ್ಲಿ ನಿಂತಿದೆ ಎಂದು ನೋಡಿ

ನಾಲ್ಕು, ಐದನೆಯ ತರಗತಿಗೆ ಕಲಿಸುವ ಸಹೋದರಿಯರಿಗೆ ಇನ್ನೊಂದು ಮಾತು. ಪ್ರಥಮ್ ಸಂಸ್ಥೆ 2005ರಿಂದ ದೇಶದ ಹಳ್ಳಿಗಳಲ್ಲಿ ನಡೆಸಿಕೊಂಡು ಬಂದಿರುವ ಸಮೀಕ್ಷೆಯ ಹೆಸರು 'ಅಸರ್'. ಪರಿಣಾಮ ಎಂಬ ಅರ್ಥದ ಈ ಪದ ನಮಗೆಲ್ಲ ಗೊತ್ತಿರುವುದೇ. ಅವರು ಮಗುವನ್ನು ಪರೀಕ್ಷಿಸುವ ಕ್ರಮ ಬಹಳ ಸರಳ. ಒಂದೇ ಹಾಳೆಯಲ್ಲಿ ಕೆಲವು ಅಕ್ಷರ, ಕೆಲವು ಸರಳ ಪದ, ನಾಲ್ಕು ಸಾಲಿನ ಒಂದು ಪ್ಯಾರಾ ಮತ್ತು ಒಂದು ಚಿಕ್ಕ ಕಥೆ ಇರುತ್ತದೆ. ಮಗು ಎಲ್ಲಿಯವರೆಗೆ ಓದುತ್ತದೋ ಅದೇ ಅದರ ಮಟ್ಟ.

ಇಂಥ ಹಾಳೆಯನ್ನು ನೀವೇ ಬರೆದುಕೊಳ್ಳಬಹುದು. ಒಂದೊಂದೇ ಮಗುವನ್ನು ಪಕ್ಕಕ್ಕೆ ಕರೆದು ಓದಿಸಿ. ಇತರರ ಎದುರು ಬೇಡ. ಆಮೇಲೆ ದಿನಕ್ಕೆ ಒಂದು ಗಂಟೆ ತರಗತಿಯನ್ನು ಮರೆತು ಮಟ್ಟದ ಪ್ರಕಾರ ಕೂರಿಸಿ. ಅಕ್ಷರದ ಮಕ್ಕಳಿಗೆ ಮಿಂಚುಪಟ್ಟಿ ಮತ್ತು ಮರಳಿನ ಮೇಲೆ ಬರೆಯುವ ಆಟ, ಪದದ ಮಕ್ಕಳಿಗೆ ಪದ ಕಟ್ಟುವ ಆಟ, ಪ್ಯಾರಾ ಓದುವವರಿಗೆ ಕಥೆ ಪುಸ್ತಕ. ಕರ್ನಾಟಕದಲ್ಲಿ ನಾಲ್ಕು ಮತ್ತು ಐದನೆಯ ತರಗತಿಗಳಿಗೆ ನಡೆದ 'ಓದು ಕರ್ನಾಟಕ' ಕಾರ್ಯಕ್ರಮವೂ ಇದೇ ದಾರಿಯದು. ಐದನೆಯ ತರಗತಿಯ ಮಗುವಿಗೆ ಐದನೆಯ ಪುಸ್ತಕವನ್ನೇ ಓದಿಸುತ್ತೇನೆ ಎಂದು ಹಠ ಹಿಡಿದರೆ, ಅಕ್ಷರ ಗೊತ್ತಿಲ್ಲದ ಮಗು ಬಾಯಿಪಾಠ ಮಾಡಿ ದಿನ ಕಳೆಯುತ್ತದೆ.

ಲೆಕ್ಕ ಕೈಗೆ ಸಿಗಲಿ

42ರಲ್ಲಿ 17 ಕಳೆಯುವಾಗ "ಎರಡರಲ್ಲಿ ಏಳು ಹೋಗಲ್ಲ, ಪಕ್ಕದ ಮನೆಯಿಂದ ಸಾಲ ತಾ" ಎನ್ನುತ್ತೇವೆ. ಯಾವ ಸಾಲ, ಯಾಕೆ ಸಾಲ ಎಂದು ಮಗುವಿಗೆ ಅರ್ಥವಾಗುವುದಿಲ್ಲ. ಪೊರಕೆ ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿಡಿ. ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಅಂದರೆ 42. ಏಳು ಬಿಡಿ ಕಡ್ಡಿ ಕೊಡು ಎಂದರೆ ಮಗು ತಾನಾಗಿ ಒಂದು ಕಟ್ಟನ್ನು ಬಿಚ್ಚುತ್ತದೆ. ಈಗ ಮೂರು ಕಟ್ಟು, 12 ಬಿಡಿ. ಏಳು ತೆಗೆದರೆ ಐದು ಉಳಿಯಿತು. ಒಂದು ಕಟ್ಟು ತೆಗೆದರೆ ಎರಡು ಕಟ್ಟು ಉಳಿಯಿತು. 25! ಕಟ್ಟು ಬಿಚ್ಚಿದ ಮಗುವಿಗೆ ಸಾಲದ ಗುಟ್ಟು ಮರೆಯುವುದಿಲ್ಲ. ಅಕ್ಷರ ಫೌಂಡೇಶನ್ ನಡೆಸಿದ 'ಗಣಿತ ಕಲಿಕಾ ಆಂದೋಲನ'ದ ಪೆಟ್ಟಿಗೆ ನಿಮ್ಮ ಶಾಲೆಯ ಬೀರುವಿನಲ್ಲಿ ಇರಬಹುದು. ಇದ್ದರೆ ಧೂಳು ಒರೆಸಿ ಹೊರಗೆ ತೆಗೆಯಿರಿ. ಇಲ್ಲದಿದ್ದರೆ ಹುಣಸೆಬೀಜ ಸಾಕು. ಶೇಂಗಾ ಮಾತ್ರ ಬೇಡ, ಲೆಕ್ಕ ಮುಗಿಯುವುದರೊಳಗೆ ಶೇಂಗಾ ಮುಗಿದಿರುತ್ತದೆ.

ಸಂತೆಯ ಲೆಕ್ಕವನ್ನೂ ತರಗತಿಗೆ ತನ್ನಿ. ಮೊಳ ಹೂವಿಗೆ 20 ರೂಪಾಯಿ ಆದರೆ ಮೂರೂವರೆ ಮೊಳಕ್ಕೆ ಎಷ್ಟು? ಹೀಗೆ ನಾನು ಅಂದು ಕೇಳಿದ್ದರೆ ಕಿಟಕಿಯ ಪಕ್ಕದ ಆ ಹುಡುಗಿ ಎಲ್ಲರಿಗಿಂತ ಮೊದಲು ಉತ್ತರಿಸುತ್ತಿದ್ದಳು.

ಗದ್ದಲಕ್ಕೆ ಬೆತ್ತ ಮದ್ದಲ್ಲ

ಗುಜರಾತಿನ ಭಾವನಗರದಲ್ಲಿ ವಕೀಲಿಕೆ ಬಿಟ್ಟು ಮಕ್ಕಳ ಶಿಕ್ಷಕರಾದ ಗಿಜುಭಾಯಿ ಬಧೇಕಾ ಅವರು 1930ರ ದಶಕದ ಆರಂಭದಲ್ಲಿ 'ದಿವಾಸ್ವಪ್ನ' ಎಂಬ ಪುಸ್ತಕ ಬರೆದರು. ಅದರಲ್ಲಿ ಬರುವ ಶಿಕ್ಷಕ ಮೊದಲ ದಿನ ಮಕ್ಕಳಿಗೆ ಮೌನದ ಆಟ ಆಡಿಸಲು ಹೋಗಿ ಪೂರ್ತಿ ಸೋಲುತ್ತಾನೆ. ತರಗತಿಯೆಲ್ಲ ಗದ್ದಲವೋ ಗದ್ದಲ. ಆಮೇಲೆ ಅವನು ಕಥೆ ಹೇಳಲು ಶುರು ಮಾಡುತ್ತಾನೆ, ಮಕ್ಕಳು ತಾವಾಗಿ ಸುಮ್ಮನಾಗುತ್ತಾರೆ. ಮೊದಲ ತಿಂಗಳಲ್ಲೇ ಸೋತೆ ಎಂದು ಕಣ್ಣೀರು ಹಾಕುವ ಹೊಸ ಶಿಕ್ಷಕಿಯರಿಗೆ ಈ ಪುಸ್ತಕ ಧೈರ್ಯ ಕೊಡುತ್ತದೆ.

ನೀವು ಕೂಗಿದಷ್ಟೂ ಮಕ್ಕಳು ಇನ್ನಷ್ಟು ಜೋರಾಗಿ ಮಾತನಾಡುತ್ತಾರೆ. ಅದರ ಬದಲು ಒಂದು ಚಪ್ಪಾಳೆಯ ತಾಳ ಗೊತ್ತು ಮಾಡಿ. ನೀವು ತಟ್ಟಿದಾಗ ಮಕ್ಕಳು ಅದೇ ತಾಳ ತಿರುಗಿ ತಟ್ಟಿ ಸುಮ್ಮನಾಗಬೇಕು. ಇದನ್ನು ಒಂದು ವಾರ ಆಟದಂತೆ ಅಭ್ಯಾಸ ಮಾಡಿಸಿ. ತರಗತಿಯ ನಿಯಮಗಳನ್ನು ಮಕ್ಕಳೊಂದಿಗೆ ಕೂತು ಮಾಡಿ, ಮೂರಕ್ಕಿಂತ ಹೆಚ್ಚು ಬೇಡ. ಗಲಾಟೆ ಮಾಡುವ ಹುಡುಗನ ಪಕ್ಕಕ್ಕೆ ಹೋಗಿ ನಿಂತು ಮೆಲ್ಲಗೆ ಹೆಸರು ಹೇಳಿ. ದೂರದಿಂದ ಬೈದರೆ ಅವನು ತರಗತಿಯ ಹೀರೋ ಆಗಿಬಿಡುತ್ತಾನೆ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಮಕ್ಕಳಿಗೆ ಹೊಡೆಯುವುದನ್ನು ಮಾತ್ರವಲ್ಲ, ಮನಸ್ಸು ನೋಯಿಸುವ ಶಿಕ್ಷೆಯನ್ನೂ ನಿಷೇಧಿಸಿದೆ. 'ದಡ್ಡಿ' ಎಂದು ಕರೆಯುವುದೂ ಮನಸ್ಸಿಗೆ ಬೀಳುವ ಪೆಟ್ಟೇ.

ಹೋಗಿ ಬರುವ ಮಕ್ಕಳು

ನಮ್ಮ ತಾಲೂಕುಗಳ ಇನ್ನೊಂದು ಕಷ್ಟ ಗುಳೆ. ಮಳೆ ಕೈಕೊಟ್ಟ ವರ್ಷ ತಾಂಡಾಗಳಿಂದ, ಒಣಭೂಮಿಯ ಹಳ್ಳಿಗಳಿಂದ ಸಂಸಾರಗಳು ಕಾಫಿ ತೋಟದ ಕೆಲಸಕ್ಕೆ, ಕಬ್ಬು ಕಡಿಯಲು ಹೊರಡುತ್ತವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಎರಡು ಮೂರು ತಿಂಗಳ ನಂತರ ಮರಳಿದ ಮಗುವಿಗೆ ತನ್ನ ಜಾಗದಲ್ಲಿ ಬೇರೆಯವರು ಕೂತಿರುವುದು ಕಾಣುತ್ತದೆ, ಪಾಠ ಎಲ್ಲೋ ಹೋಗಿರುತ್ತದೆ. ಅಂಥ ಮಗು ಎರಡು ದಿನ ಬಂದು ಮೂರನೆಯ ದಿನ ನಿಂತುಬಿಡುತ್ತದೆ.

ಹೊರಡುವ ಮೊದಲೇ ತಿಳಿದರೆ, ಅಜ್ಜಿಯ ಬಳಿ ಬಿಟ್ಟು ಹೋಗಲು ಸಾಧ್ಯವೇ, ಹತ್ತಿರದಲ್ಲಿ ಋತುಮಾನದ ವಸತಿ ವ್ಯವಸ್ಥೆ ಇದೆಯೇ ಎಂದು ಮುಖ್ಯೋಪಾಧ್ಯಾಯರ ಮೂಲಕ ವಿಚಾರಿಸಿ. ಹೋಗುವುದೇ ಆದರೆ ಒಂದು ನೋಟ್‌ಪುಸ್ತಕ ಕೊಟ್ಟು, ಯಾವ ಮೆಟ್ಟಿಲಿನಲ್ಲಿ ಇದ್ದಾಳೆ ಎಂದು ಮೊದಲ ಪುಟದಲ್ಲಿ ಬರೆದುಕೊಡಿ. ಮರಳಿದಾಗ "ಇಷ್ಟು ದಿನ ಎಲ್ಲಿ ಹಾಳಾಗಿದ್ದೆ?" ಎನ್ನಬೇಡಿ. "ಅಲ್ಲಿ ಏನೇನು ನೋಡಿದೆ, ಹೇಳು" ಎನ್ನಿ. ಕಾಫಿ ಹಣ್ಣಿನ ಬಣ್ಣ, ಕಬ್ಬಿನ ಗಾಡಿ, ಮಲೆನಾಡಿನ ಮಳೆಯ ಬಗ್ಗೆ ಹೇಳಲು ಆ ಮಗುವಿಗೆ ಎಷ್ಟೊಂದು ಇರುತ್ತದೆ. ತರಗತಿಗೆ ಅದೇ ಅಂದಿನ ಪಾಠವಾಗಲಿ.

ತಾಯಂದಿರಿಗೆ ಎರಡು ಮಾತು

ಈ ಪುಟವನ್ನು ಓದುವವರೆಲ್ಲ ಶಿಕ್ಷಕಿಯರಲ್ಲ, ತಾಯಂದಿರೇ ಹೆಚ್ಚು. ನಿಮಗೆ ಕನ್ನಡ ಓದಲು ಬಾರದಿದ್ದರೂ ಮಗುವಿಗೆ ಸಹಾಯ ಮಾಡಬಹುದು. ಸಂಜೆ "ಇವತ್ತು ಎಷ್ಟು ಮಾರ್ಕ್ಸ್?" ಎಂದು ಕೇಳುವ ಬದಲು "ಇವತ್ತು ನೀನು ಟೀಚರಿಗೆ ಏನು ಹೇಳಿದೆ?" ಎಂದು ಕೇಳಿ. ಪುಸ್ತಕವನ್ನು ಜೋರಾಗಿ ಓದಿಸಿ, ಓದಿದ್ದನ್ನು ಮನೆಯ ಮಾತಿನಲ್ಲಿ ನಿಮಗೆ ವಿವರಿಸಲಿ. ವಿವರಿಸಲು ಬಂದರೆ ಅರ್ಥವಾಗಿದೆ ಎಂದೇ ಲೆಕ್ಕ. ನಾದಿನಿಯ ಮಗಳೊಂದಿಗೆ, ಪಕ್ಕದ ಮನೆಯ ಹುಡುಗನೊಂದಿಗೆ ಹೋಲಿಸಬೇಡಿ.

ಶಾಲೆಯಲ್ಲಿ ಎಸ್‌ಡಿಎಂಸಿ ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಭಾಗ ಮಕ್ಕಳ ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಆ ಕುರ್ಚಿ ನಿಮ್ಮದು. ಸಭೆಗೆ ಗಂಡನನ್ನು ಕಳುಹಿಸಿ ಸುಮ್ಮನಾಗಬೇಡಿ, ನೀವೇ ಹೋಗಿ. ಶಿಕ್ಷಕಿಯ ಕೊರತೆ ಇದೆಯೇ, ಶೌಚಾಲಯಕ್ಕೆ ನೀರಿದೆಯೇ, ಓದು ಬಾರದ ಮಕ್ಕಳಿಗೆ ಏನು ಮಾಡುತ್ತಿದ್ದಾರೆ ಎಂದು ಕೇಳಿ.

ಇನ್ನು ಪತ್ರ ಬರೆದ ಸಹೋದರಿಗೆ. ಎಲ್ಲವನ್ನೂ ಒಂದೇ ದಿನ ಮಾಡಲು ಹೋಗಬೇಡಿ. ಈ ವಾರ ಕಾಯುವುದನ್ನು ಮಾತ್ರ ಅಭ್ಯಾಸ ಮಾಡಿ. ಮುಂದಿನ ವಾರ ಗೋಡೆಯ ಪದಪಟ್ಟಿ. ಅದರ ಮುಂದಿನ ವಾರ ಮೂರು ಗುಂಪು.

ಆ ಹುಡುಗಿಯನ್ನು ಇಡೀ ತರಗತಿಯ ಎದುರು ಎಬ್ಬಿಸಿ ನಿಲ್ಲಿಸಬೇಡಿ. ಒಬ್ಬ ಒಳ್ಳೆಯ ಗೆಳತಿಯ ಪಕ್ಕ ಕೂರಿಸಿ. ಅಜ್ಜಿ ಹೇಳುವ ಒಂದು ಕಥೆಯನ್ನು ಕೇಳಿಕೊಂಡು ಬಂದು ನಿಮಗೆ ಒಬ್ಬರಿಗೇ ದಖ್ಖನಿಯಲ್ಲಿ ಹೇಳಲಿ. ಅದನ್ನು ನೀವು ನಾಲ್ಕು ಸಾಲಿನ ಕನ್ನಡದಲ್ಲಿ ಬರೆದುಕೊಡಿ. ತನ್ನದೇ ಕಥೆಯನ್ನು ಅವಳು ಖಂಡಿತ ಓದಲು ಪ್ರಯತ್ನಿಸುತ್ತಾಳೆ. ಓದಿದ ದಿನ ಸಂಜೆ ಅವಳ ಮನೆಗೆ ಹೋಗಿ, ಅಮ್ಮನ ಎದುರು ಇನ್ನೊಮ್ಮೆ ಓದಿಸಿ. ಶಾಲೆ ಬಿಡಿಸಬೇಡಿ ಎಂದು ನೀವು ಹತ್ತು ಸಲ ಹೇಳುವುದಕ್ಕಿಂತ ಮಗಳು ಓದುವ ನಾಲ್ಕು ಸಾಲುಗಳು ಆ ತಾಯಿಯ ಮನಸ್ಸನ್ನು ಬೇಗ ಮುಟ್ಟುತ್ತವೆ.

ಅಂದು ಹಡಗಲಿ ಬಸ್ ನಿಲ್ದಾಣದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಇನ್ನೊಂದು ಮಾತು ಹೇಳಿದ್ದಳು. ಅವಳ ಮಗಳು ಈಗ ಎರಡನೆಯ ತರಗತಿಯಲ್ಲಿದ್ದಾಳಂತೆ. "ಅವಳೂ ನನ್ನ ಹಾಗೇ ಮೆತ್ತಗಿನವಳು ಟೀಚರ್. ಅವಳ ಟೀಚರಿಗೆ ಒಂದು ಮಾತು ಹೇಳ್ತೀರಾ?" ಎಂದಳು. ಆ ಟೀಚರ್ ಯಾರೆಂದು ನನಗೆ ತಿಳಿಯದು. ಬಹುಶಃ ಅವರೂ ಈ ಪುಟ ಓದುತ್ತಿರಬಹುದು. ಸಹೋದರಿ, ನಿಮ್ಮ ತರಗತಿಯಲ್ಲಿ ಹೂ ಮಾರುವವಳ ಮಗಳೊಬ್ಬಳು ಇದ್ದರೆ, ಪ್ರಶ್ನೆ ಕೇಳಿದ ಮೇಲೆ ಐದು ಎಣಿಸಿ. ಉತ್ತರ ಬರುತ್ತದೆ, ಇನ್ಶಾ ಅಲ್ಲಾಹ್.